ಸ್ಲೈಡ್ ಬುಡದಲ್ಲಿ ಡಿಕ್ಕಿಯಾಗಿ ಕಾಲು ಮುರಿದರೆ ಹೊಣೆ ಯಾರದು? ಪಾರ್ಕಿನದೋ, ಹಿಂದೆ ಬಂದ ಹುಡುಗನದೋ, ನಿಂತಿದ್ದವರದೋ?

ಕಲ್ಪತರು ನಾಡು

ಬೇಸಿಗೆ ರಜೆಯಲ್ಲಿ ಎಲ್ಲಿ ಬೇಕಾದರೂ ಆಗಬಹುದಾದ ಒಂದು ಸಂದರ್ಭ ಇಲ್ಲಿಡುತ್ತಿದ್ದೇನೆ. ಈ ಚರ್ಚಾ ತಾಣದಲ್ಲಿ ವಿಷಯ ಬಲ್ಲವರು ತಮ್ಮ ತಮ್ಮ ಅಡ್ಡಹೆಸರಿನಡಿ ಬಿಡಿಸಿ ಹೇಳಬೇಕು.

ತುಮಕೂರಿನ ಕುಟುಂಬವೊಂದು ಟೂರ್ ಏಜೆನ್ಸಿಯ ಪ್ಯಾಕೇಜಿನಲ್ಲಿ ಪಕ್ಕದ ರಾಜ್ಯಕ್ಕೆ ಹೋಗಿದೆ ಅಂದುಕೊಳ್ಳಿ. ಮೂರನೇ ದಿನ ವಾಟರ್ ಪಾರ್ಕ್. 38 ವರ್ಷದ ಹೆಣ್ಣುಮಗಳು ಮುಚ್ಚಿದ ಕೊಳವೆಯ ಸ್ಲೈಡಿನಲ್ಲಿ ಜಾರಿ ಬಂದು, ಕೆಳಗಿನ ನೀರಿನಲ್ಲಿ ಎದ್ದು ನಿಂತು ಮುಖದ ಮೇಲಿನ ಕೂದಲು ಸರಿಸಿಕೊಳ್ಳುತ್ತಿರುವಾಗ, ಅದೇ ಕೊಳವೆಯಿಂದ 14 ವರ್ಷದ ಹುಡುಗನೊಬ್ಬ ಬಂದು ಕಾಲಿಗೆ ಬಡಿಯುತ್ತಾನೆ. ಮಂಡಿಯ ಕೆಳಗೆ ಮೂಳೆ ಮುರಿತ, ಆಪರೇಷನ್, ಪ್ಲೇಟು. ಪಾರ್ಕಿನವರು ಟಿಕೆಟ್ಟಿನ ಹಿಂಬದಿ ತೋರಿಸುತ್ತಾರೆ: "ಎಲ್ಲ ಆಟಗಳೂ ಆಡುವವರ ಸ್ವಂತ ಹೊಣೆ." ಹುಡುಗನ ಅಪ್ಪ ಅಮ್ಮ "ಮೇಲಿದ್ದವರು ಹೋಗು ಅಂದ್ರು, ಹೋದ" ಅನ್ನುತ್ತಾರೆ. ಏಜೆನ್ಸಿಯವರು "ನಮ್ಮದು ಬಸ್ಸು, ರೂಮು ಮಾತ್ರ" ಅನ್ನುತ್ತಾರೆ.

ದುಡ್ಡು ಕೊಡಬೇಕಾದವರು ಯಾರು? ಮೊದಲು ಮಾಡಬೇಕಾದ್ದೇನು?

ಕೊಳವೆ ಕೆಲಸ

ಸ್ಲೈಡ್ ನಡೆಸುವ ಕ್ರಮ ಗೊತ್ತಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಮೇಲಿನ ವೇದಿಕೆಯಲ್ಲಿ ಒಬ್ಬ ಸಿಬ್ಬಂದಿ ಇರಬೇಕು, ಕೆಳಗಿನ ಕೊಳದ ದಂಡೆಯಲ್ಲಿ ಇನ್ನೊಬ್ಬ. ಮೇಲಿನವನ ಕೆಲಸ ಎತ್ತರ ಅಳೆಯುವುದು, ಸರಿಯಾಗಿ ಮಲಗಿಸುವುದು (ಕಾಲು ಮುಂದೆ, ಬೆನ್ನು ಕೆಳಗೆ, ಪಾದ ಒಂದರ ಮೇಲೊಂದು, ಕೈ ಎದೆಯ ಮೇಲೆ), ಕೆಳಗಿನಿಂದ ಸನ್ನೆ ಬಂದ ಮೇಲೆ ಮಾತ್ರ ಬಿಡುವುದು. ಕೆಳಗಿನವನ ಕೆಲಸ ಇಳಿದವರನ್ನು ಪಕ್ಕಕ್ಕೆ ಕಳಿಸಿ, ಕೊಳವೆಯ ಬಾಯಿ ಖಾಲಿಯಾಯಿತು ಎಂದು ಕೈಯೆತ್ತಿಯೋ ಸೀಟಿ ಹೊಡೆದೋ ದೀಪ ಒತ್ತಿಯೋ ತಿಳಿಸುವುದು. ತೆರೆದ ಸ್ಲೈಡಾದರೆ ಮೇಲಿನವನಿಗೆ ಕೊಳ ಕಾಣಿಸೀತು. ಮುಚ್ಚಿದ ಕೊಳವೆಯಲ್ಲಿ ಏನೂ ಕಾಣುವುದಿಲ್ಲ, ಸನ್ನೆಯೊಂದೇ ಅವನ ಕಣ್ಣು.

ತಪ್ಪಾಗುವುದು ಎಲ್ಲಿ ಅಂದರೆ, ಶನಿವಾರ ಭಾನುವಾರ ಮೆಟ್ಟಿಲ ತುಂಬ ಸಾಲು ನಿಂತಾಗ ಕೆಳಗಿನ ಸಿಬ್ಬಂದಿಯನ್ನು ಎರಡು ಮೂರು ಸ್ಲೈಡಿಗೆ ಹಂಚಿಬಿಡುತ್ತಾರೆ. ಮೇಲಿನವನು ಸನ್ನೆ ಬಿಟ್ಟು ಮನಸ್ಸಿನಲ್ಲೇ ಹತ್ತು ಎಣಿಸಿ ಬಿಡಲು ಶುರುಮಾಡುತ್ತಾನೆ. ಎಣಿಕೆಯಿಂದ ಇದು ನಡೆಯುವುದಿಲ್ಲ. ಹಗುರ ಇರುವವರು, ಬಟ್ಟೆ ಒರಟಾಗಿರುವವರು ನಡುವೆ ನಿಧಾನವಾಗುತ್ತಾರೆ. ಪಂಪಿನ ಹರಿವು ಕಡಿಮೆಯಾದರೆ ಕೊಳವೆಯೊಳಗೇ ನಿಂತುಬಿಡುವವರೂ ಇದ್ದಾರೆ. ತಯಾರಕರ ಕೈಪಿಡಿಯಲ್ಲಿ ಎಷ್ಟು ಸೆಕೆಂಡು ಅಂತರ ಎಂದು ಬರೆದಿದ್ದರೂ ಅದು ಕನಿಷ್ಠ ಅಂತರ, ಬಾಯಿ ಖಾಲಿ ಇರುವುದೇ ನಿಜವಾದ ಷರತ್ತು.

ಪೆಟ್ಟಿನ ಬಲವನ್ನೂ ಲೆಕ್ಕ ಹಾಕಿ. ಹುಡುಗ ಕೊಳವೆಯ ಬಾಯಿಯಲ್ಲಿ ಸೆಕೆಂಡಿಗೆ 6 ಮೀಟರ್ ವೇಗದಲ್ಲಿದ್ದ ಅಂದುಕೊಂಡರೆ ಗಂಟೆಗೆ ಸುಮಾರು 22 ಕಿಲೋಮೀಟರ್ ಆಯಿತು. ಅದು 1.8 ಮೀಟರ್, ಅಂದರೆ ಆರಡಿ ಎತ್ತರದಿಂದ ಬಿದ್ದವನ ವೇಗ. ಆ ವೇಗದಲ್ಲಿ ಎರಡು ಹಿಮ್ಮಡಿ ಬಂದು ನಿಂತವರ ಮಂಡಿಗೆ ಬಡಿಯುತ್ತವೆ. "ಮಕ್ಕಳು ಆಡುವಾಗ ತಗುಲಿತು" ಅನ್ನುವಷ್ಟು ಹಗುರದ ಮಾತಲ್ಲ ಇದು.

ನೇರ ಮಾತು

ಎಲ್ಲದಕ್ಕೂ ಪಾರ್ಕಿನವರನ್ನೇ ಹಿಡಿಯುವುದು ಸರಿಯಲ್ಲ. ಪ್ರತಿ ಸ್ಲೈಡಿನ ಕೆಳಗೆ "ತಕ್ಷಣ ಹೊರಗೆ ಬನ್ನಿ" ಎಂದು ಬೋರ್ಡ್ ಇರುತ್ತದೆ. ಮೊಬೈಲ್ ಪೌಚ್ ಹಿಡಿದು ಫೋಟೋ ತೆಗೆಯುತ್ತ ಅಲ್ಲೇ ನಿಲ್ಲುವವರು ಎಷ್ಟು ಜನ! ಮಕ್ಕಳನ್ನು ಬಿಟ್ಟು ಅಪ್ಪ ಅಮ್ಮ ರೆಸ್ಟೋರೆಂಟಿನಲ್ಲಿ ಕೂತಿರುತ್ತಾರೆ. ಸ್ವಂತ ಜವಾಬ್ದಾರಿ ಅನ್ನುವುದಕ್ಕೆ ಬೆಲೆಯೇ ಇಲ್ಲವೇ?

ಕಾನೂನು ಕಟ್ಟೆ

ಬೆಲೆ ಇದೆ. ಅದರ ಹೆಸರು ಸಹ-ನಿರ್ಲಕ್ಷ್ಯ. ಗಾಯಗೊಂಡವರ ತಪ್ಪು ಶೇ 20 ಎಂದು ತೀರ್ಮಾನವಾದರೆ ಪರಿಹಾರದಲ್ಲಿ ಅಷ್ಟು ಕಡಿತ. ಆದರೆ ನೆನಪಿರಲಿ, ಅದು ಕಡಿತ ಮಾತ್ರ. ಪಾರ್ಕಿನ ಹೊಣೆಯನ್ನು ಪೂರ್ತಿ ಅಳಿಸಿಹಾಕುವುದಿಲ್ಲ. ಗಾಯಗೊಂಡವರ ತಪ್ಪನ್ನು ರುಜುವಾತು ಮಾಡುವ ಹೊರೆಯೂ ಪಾರ್ಕಿನ ಮೇಲೆಯೇ. ಮೂರು ಸೆಕೆಂಡು ನಿಂತು ಕೂದಲು ಸರಿಸಿಕೊಂಡವರಿಗೂ, ಎದ್ದು ಹೋಗಿ ಅಂದರೂ ಕೇಳದೆ ಎರಡು ನಿಮಿಷ ಸೆಲ್ಫಿ ತೆಗೆಯುತ್ತಿದ್ದವರಿಗೂ ಒಂದೇ ಅಳತೆ ಇಲ್ಲ.

ಈಗ ಒಬ್ಬೊಬ್ಬರನ್ನೇ ನೋಡೋಣ.

ಟಿಕೆಟ್ ಹಿಂದಿನ ಸಾಲು: ನೀರಿನಾಟದಲ್ಲಿ ಸಹಜವಾಗಿ ಇರುವ ಅಪಾಯಕ್ಕೆ, ಅಂದರೆ ಸಣ್ಣ ತರಚು, ಮೂಗಿಗೆ ನೀರು, ಇಂಥವಕ್ಕೆ ಆ ಸಾಲಿನ ಬಲ ಸ್ವಲ್ಪ ಇದ್ದೀತು. ಸಿಬ್ಬಂದಿಯ ನಿರ್ಲಕ್ಷ್ಯಕ್ಕೆ ಅದು ಗುರಾಣಿಯಾಗದು. ದೆಹಲಿಯ ತಾಜ್ ಮಹಲ್ ಹೋಟೆಲ್ ಪ್ರಕರಣದಲ್ಲಿ 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದೇ ಬಗೆಯ ಪ್ರಶ್ನೆ ಎತ್ತಿಕೊಂಡಿತ್ತು. ಪಾರ್ಕಿಂಗ್ ಚೀಟಿಯ ಮೇಲೆ "ಮಾಲೀಕರ ಹೊಣೆಯಲ್ಲಿ" ಎಂದು ಅಚ್ಚಾಗಿತ್ತು, ಸಿಬ್ಬಂದಿಯ ಕೈಗೆ ಕೊಟ್ಟ ಕಾರು ಕಳುವಾಗಿತ್ತು. ತನ್ನ ಅಥವಾ ತನ್ನ ನೌಕರರ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲ್ ಇಂಥ ಷರತ್ತಿನ ಮೂಲಕ ನುಣುಚಿಕೊಳ್ಳಲಾಗದು ಎಂದಿತು ಕೋರ್ಟ್. ಕಾರಿಗೇ ಹಾಗಾದರೆ ಕಾಲಿಗೆ?

ಹುಡುಗ: 14 ವರ್ಷದವನು ಸಿವಿಲ್ ಕಾನೂನಿನಲ್ಲಿ ತನ್ನ ತಪ್ಪಿಗೆ ತಾನೇ ಹೊಣೆ, ಪೋಷಕರ ಮೂಲಕ ಅವನ ಮೇಲೆ ದಾವೆ ಹೂಡಬಹುದು. ಆದರೆ ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟಿನ ತೀರ್ಮಾನ) ಬಂದರೂ ವಸೂಲಿ ಅವನ ಹೆಸರಿನ ಆಸ್ತಿಯಿಂದ ಮಾತ್ರ. ಮಗ ಎಂಬ ಒಂದೇ ಕಾರಣಕ್ಕೆ ಅಪ್ಪ ಕೊಡಬೇಕು ಎನ್ನುವ ನಿಯಮ ನಮ್ಮಲ್ಲಿಲ್ಲ. ಅಪ್ಪ ಅಮ್ಮ ತಾವೇ ನಿಗಾ ತಪ್ಪಿದ್ದರು, ಅಥವಾ ತಾವೇ ಹುರಿದುಂಬಿಸಿ ತಳ್ಳಿದರು ಎಂದು ತೋರಿಸಬೇಕು. ಸಿಬ್ಬಂದಿ "ಹೋಗು" ಅಂದಿದ್ದರೆ ಹುಡುಗನ ತಪ್ಪು ಬಹುತೇಕ ಉಳಿಯುವುದೇ ಇಲ್ಲ. ಸಿಬ್ಬಂದಿಯ ಕೈ ಸರಿಸಿ ಹಾರಿದ್ದರೆ ಚಿತ್ರ ಬೇರೆ. ಆಗಲೂ ಪಾರ್ಕ್ ಪೂರ್ತಿ ಪಾರಾಗುವುದಿಲ್ಲ, ಕೆಳಗಿನವರು ಬಾಯಿ ಖಾಲಿ ಮಾಡಿಸಿದ್ದರೇ ಎಂಬ ಪ್ರಶ್ನೆ ಹಾಗೇ ನಿಂತಿರುತ್ತದೆ.

ಟೂರ್ ಏಜೆನ್ಸಿ: ಪ್ಯಾಕೇಜಿನ ಕಾರ್ಯಕ್ರಮ ಪಟ್ಟಿಯಲ್ಲಿ ಪಾರ್ಕಿನ ಹೆಸರಿದ್ದು, ಟಿಕೆಟ್ ದುಡ್ಡು ಅವರೇ ತೆಗೆದುಕೊಂಡಿದ್ದರೆ ಅವರನ್ನೂ ಎದುರುದಾರರಾಗಿ ಸೇರಿಸಿ. ಹೊಣೆ ಎಷ್ಟು ಎನ್ನುವುದು ಆಮೇಲಿನ ಮಾತು. ಬಿಟ್ಟರೆ ಪಾರ್ಕ್ ಅವರತ್ತ, ಅವರು ಪಾರ್ಕಿನತ್ತ ಬೆರಳು ತೋರಿಸುತ್ತಾರೆ.

ಮೂಳೆ ವಾರ್ಡು

ಎಲ್ಲರೂ ಮರೆಯುವ ಒಂದು ಅಂಶ. ಕೇಸು ಗೆಲ್ಲುವುದು ಸೋಲುವುದು ಬಹಳ ಸಲ ಆಸ್ಪತ್ರೆಯ ಕ್ಯಾಷುಯಾಲಿಟಿಯಲ್ಲೇ ನಿರ್ಧಾರವಾಗುತ್ತದೆ. ಗಾಯಾಳುವನ್ನು ಕರೆತಂದ ಪಾರ್ಕಿನ ಮೇಲ್ವಿಚಾರಕ "ನೀರಲ್ಲಿ ಜಾರಿ ಬಿದ್ರು ಸರ್" ಅನ್ನುತ್ತಾನೆ, ಡ್ಯೂಟಿ ಡಾಕ್ಟರು ಅದನ್ನೇ ಚೀಟಿಯಲ್ಲಿ ಬರೆಯುತ್ತಾರೆ. ಅದೇ ಒಕ್ಕಣೆ ಡಿಸ್ಚಾರ್ಜ್ ಸಾರಾಂಶಕ್ಕೂ ಇಳಿಯುತ್ತದೆ. ಆರು ತಿಂಗಳ ನಂತರ "ಹಿಂದಿನಿಂದ ಬಡಿದರು" ಎಂದರೆ ಎದುರು ವಕೀಲರು ಆ ಚೀಟಿ ಎತ್ತಿ ಹಿಡಿಯುತ್ತಾರೆ.

ಗಾಯಾಳು ಅಥವಾ ಜೊತೆಗಿದ್ದವರು ಸ್ವತಃ ಹೇಳಬೇಕು: ಇಂಥ ಸ್ಲೈಡಿನ ಕೆಳಗೆ, ಇಷ್ಟು ಹೊತ್ತಿಗೆ, ಹಿಂದಿನಿಂದ ಬಂದ ಇನ್ನೊಬ್ಬ ಸವಾರ ಬಡಿದು ಪೆಟ್ಟಾಯಿತು. ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ) ಮಾಡಿ ಎಂದು ಕೇಳಬೇಕು. ಮೂಳೆ ಮುರಿತ ಕಾನೂನಿನ ಕಣ್ಣಲ್ಲಿ ತೀವ್ರ ಗಾಯ. ಎಂಎಲ್‌ಸಿ ನಂಬರ್ ಬಿದ್ದರೆ ಪೊಲೀಸ್ ಠಾಣೆಗೆ ಮಾಹಿತಿ ಹೋಗುತ್ತದೆ, ಮುಂದೆ ಗಾಯದ ಪ್ರಮಾಣಪತ್ರ ಸಿಗುತ್ತದೆ.

ಚಿಕಿತ್ಸೆಯ ಕಡೆಯಿಂದಲೂ ಎಚ್ಚರ ಬೇಕು. ನಿಂತಾಗ ಪಕ್ಕದಿಂದ ಮಂಡಿಗೆ ಪೆಟ್ಟು ಬಿದ್ದರೆ ಮೊಣಕಾಲಿನ ಕೆಳಮೂಳೆಯ ಮೇಲ್ತಟ್ಟೆ ಕುಸಿಯುತ್ತದೆ. ಕಾರಿನ ಬಂಪರ್ ಬಡಿದಾಗ ಆಗುವ ಮುರಿತವೇ ಇದು. ಮಾಮೂಲಿ ಎಕ್ಸ್‌ರೇಯಲ್ಲಿ ಕೆಲವೊಮ್ಮೆ ಬಿಟ್ಟುಹೋಗುತ್ತದೆ, ಮಂಡಿ ಊದಿ ಕಾಲೂರಲು ಆಗದಿದ್ದರೆ ಸಿಟಿ ಸ್ಕ್ಯಾನ್ ಕೇಳಿ. ಮೊದಲ ಎರಡು ದಿನ ಮೀನಖಂಡ ಕಲ್ಲಿನಂತೆ ಬಿಗಿಯಾಗಿ, ನೋವಿನ ಇಂಜೆಕ್ಷನ್ನಿಗೂ ಬಗ್ಗದೆ, ಕಾಲ್ಬೆರಳು ಮೇಲಕ್ಕೆಳೆದರೆ ಚೀರುವಷ್ಟು ನೋವಾದರೆ ಕೂಡಲೇ ಡಾಕ್ಟರನ್ನು ಕರೆಯಿರಿ. ಸ್ನಾಯುವಿನೊಳಗೆ ಒತ್ತಡ ಏರಿ ರಕ್ತ ಓಡಾಟ ನಿಲ್ಲುವ ಲಕ್ಷಣ ಅದು, ಗಂಟೆಗಳ ಲೆಕ್ಕ.

ತಲೆಗೋ ಕತ್ತಿಗೋ ಪೆಟ್ಟಾಗಿದ್ದರೆ ನೀರಿನಿಂದ ಎಳೆದುಕೊಂಡು ಬರಬೇಡಿ. ಮುಖ ನೀರಿನ ಮೇಲಿರುವಂತೆ ತೇಲಿಸಿಟ್ಟು, ತಲೆ ಮತ್ತು ಬೆನ್ನು ಒಂದೇ ಗೆರೆಯಲ್ಲಿ ಹಿಡಿದು, ಬೋರ್ಡ್ ಬಂದ ಮೇಲೆ ಎತ್ತಬೇಕು. ಉಸಿರು ನಿಂತಿದ್ದರೆ ಮಾತ್ರ ಕಾಯುವ ಹಾಗಿಲ್ಲ, ಹೊರತೆಗೆದು ಮೊದಲು ಬಾಯಿಗೆ ಉಸಿರು ಕೊಟ್ಟು ಆಮೇಲೆ ಎದೆ ಒತ್ತಬೇಕು.

ನೇರ ಮಾತು

ಮಾಹಿತಿಗೆ ಧನ್ಯವಾದ ಡಾಕ್ಟರೇ. ಆದರೂ ಕೇಳುತ್ತೇನೆ, ಪೊಲೀಸ್ ಠಾಣೆಯ ತನಕ ಹೋಗಲೇಬೇಕೇ? ಬಿಲ್ಲು ಕಟ್ಟುತ್ತೇವೆ, ಕೇಸು ಬೇಡ ಎಂದು ಪಾರ್ಕಿನವರೇ ಬಂದರೆ ಮುಗಿಸಿಕೊಳ್ಳುವುದು ಜಾಣತನವಲ್ಲವೇ? ಪರಊರಿನಲ್ಲಿ ಯಾರು ಅಲೆಯುತ್ತಾರೆ?

ಕಾನೂನು ಕಟ್ಟೆ

ಬಿಲ್ಲು ಕಟ್ಟಿದರೆ ಕಟ್ಟಲಿ, ಬೇಡವೆನ್ನಬೇಕಿಲ್ಲ. ಅದಕ್ಕೆ ಪ್ರತಿಯಾಗಿ ಏನು ಸಹಿ ಹಾಕಿಸಿಕೊಳ್ಳುತ್ತಾರೆ ಎನ್ನುವುದೇ ವಿಷಯ. "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಎಂಬ ಸಾಲಿದ್ದರೆ ಸಹಿ ಹಾಕಬೇಡಿ. ಕಾಲು ಮತ್ತೆ ಎಷ್ಟು ಮಡಚುತ್ತದೆ ಎಂದು ಗೊತ್ತಾಗುವುದೇ ಆರು ತಿಂಗಳಿಗೆ. ರಸೀದಿ ಕೊಡಬೇಕಾದರೆ "ತುರ್ತು ಚಿಕಿತ್ಸೆಯ ಬಾಬ್ತು ಇಷ್ಟು ರೂಪಾಯಿ ಮುಟ್ಟಿದೆ, ಉಳಿದ ಹಕ್ಕುಗಳನ್ನು ಕಾಯ್ದಿರಿಸಿಕೊಂಡಿದ್ದೇನೆ" ಎಂದು ಕೈಯಲ್ಲೇ ಬರೆದು ಫೋಟೋ ತೆಗೆದಿಟ್ಟುಕೊಳ್ಳಿ.

ಅಲೆದಾಟದ ಭಯಕ್ಕೆ ಉತ್ತರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ. 34ನೇ ಸೆಕ್ಷನ್ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಪಾರ್ಕ್ ಯಾವ ರಾಜ್ಯದಲ್ಲಿದ್ದರೂ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗ ಸಾಕು. ಇನ್ನೊಂದು ಮಾತು ಹಲವರಿಗೆ ಗೊತ್ತಿಲ್ಲ: ಯಾವ ಆಯೋಗ ಎನ್ನುವುದು ಈಗ ಕೇಳುವ ಪರಿಹಾರದ ಮೇಲೆ ನಿಂತಿಲ್ಲ, ಸೇವೆಗೆ ಕೊಟ್ಟ ಹಣದ ಮೇಲೆ ನಿಂತಿದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. ಟಿಕೆಟ್, ಪ್ಯಾಕೇಜ್ ಸೇರಿ ಕೊಟ್ಟದ್ದು 5 ಲಕ್ಷದೊಳಗೆ ಇದ್ದರೆ ಶುಲ್ಕವೂ ಇಲ್ಲ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಕಾಲಮಿತಿ ಎರಡು ವರ್ಷ. ಎದುರುದಾರರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನು 15 ದಿನ. ಅದಕ್ಕಿಂತ ಒಂದು ದಿನವೂ ವಿಸ್ತರಿಸುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ.

ಆದರೆ ಗ್ರಾಹಕ ಆಯೋಗದಲ್ಲಿ ಹುಡುಗನನ್ನೋ ಅವನ ಮನೆಯವರನ್ನೋ ಎಳೆಯಲಾಗದು. ಅವರು ಸೇವೆ ಕೊಟ್ಟವರಲ್ಲ. ಅವರ ಮೇಲೆ ಹೋಗುವುದಾದರೆ ಸಿವಿಲ್ ಕೋರ್ಟು, ಮೂರು ವರ್ಷದ ಮಿತಿ.

ಪೊಲೀಸ್ ದೂರು ಬೇರೆ ದಾರಿ, ಬೇರೆ ಉದ್ದೇಶ. ನಿರ್ಲಕ್ಷ್ಯದಿಂದ ತೀವ್ರ ಗಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 125(ಬಿ), ಮೂರು ವರ್ಷದವರೆಗೆ ಸಜೆ ಅಥವಾ 10 ಸಾವಿರದವರೆಗೆ ದಂಡ ಅಥವಾ ಎರಡೂ. ಸಾವಾದರೆ 106(1), ಐದು ವರ್ಷದವರೆಗೆ. ಊರಿಗೆ ಬಂದಮೇಲೂ ಹತ್ತಿರದ ಠಾಣೆಯಲ್ಲಿ ಝೀರೋ ಎಫ್‌ಐಆರ್ (ಘಟನೆ ಎಲ್ಲೇ ನಡೆದಿದ್ದರೂ ದಾಖಲಿಸಿಕೊಳ್ಳುವ ದೂರು) ಕೊಡಬಹುದು, ಅವರು ಪಾರ್ಕ್ ಇರುವ ಊರಿನ ಠಾಣೆಗೆ ರವಾನಿಸಬೇಕು. ಹುಡುಗನ ಹೆಸರು ಬಂದರೆ ಅದು ಬಾಲ ನ್ಯಾಯ ಕಾಯ್ದೆಯ ದಾರಿ. ಇಂಥ ಆರೋಪಕ್ಕೆ ಮಗುವಿನ ಮೇಲೆ ಎಫ್‌ಐಆರ್ ಹಾಕುವುದಿಲ್ಲ, ಠಾಣೆಯ ದಿನಚರಿಯಲ್ಲಿ ನಮೂದಿಸುತ್ತಾರೆ. 14ರ ಹುಡುಗನನ್ನು ಆರೋಪಿ ಮಾಡಿ ಪಾರ್ಕನ್ನು ಬಿಟ್ಟುಬಿಡುವ ದೂರು ಬರೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಠಾಣೆಯಲ್ಲಿ ಅವಸರಕ್ಕೆ ಹಾಗೇ ಬರೆಸಿಕೊಳ್ಳುವ ಸಂಭವವಿದೆ.

ಕಲ್ಪತರು ನಾಡು

ಸಿಸಿಟಿವಿ ಬಗ್ಗೆ ಹೇಳಿ ಸರ್. ಪಾರ್ಕಿನವರು ಕೊಡುವುದಿಲ್ಲ ಅಂದರೆ?

ಕೊಳವೆ ಕೆಲಸ

ಮೊದಲು ಇದು ಗೊತ್ತಿರಲಿ: ರೆಕಾರ್ಡರ್‌ನಲ್ಲಿ ಜಾಗ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆಯುತ್ತ ಹೋಗುತ್ತದೆ. ಎರಡು ವಾರದ್ದು ಸಿಗುವುದೂ ಉಂಟು, ತಿಂಗಳದ್ದು ಸಿಗುವುದೂ ಉಂಟು. ಲಾಯರ್ ನೋಟಿಸ್ ತಯಾರಾಗುವ ತನಕ ಕಾದರೆ ದೃಶ್ಯ ಹೋಗಿರುತ್ತದೆ. ಅದೇ ದಿನ ಇಮೇಲ್ ಮಾಡಿ: ದಿನಾಂಕ, ಸ್ಲೈಡಿನ ಹೆಸರು, ಸಮಯಕ್ಕೆ ಅರ್ಧ ಗಂಟೆ ಹಿಂದಿನಿಂದ ಅರ್ಧ ಗಂಟೆ ಮುಂದಿನವರೆಗೆ, ಮೇಲಿನ ವೇದಿಕೆ ಮತ್ತು ಕೆಳಗಿನ ಕೊಳ ಎರಡೂ ಕ್ಯಾಮೆರಾ ದೃಶ್ಯ ಉಳಿಸಿಡಿ. ಅರ್ಧ ಗಂಟೆ ಹಿಂದಿನದು ಏಕೆಂದರೆ, ಆ ದಿನ ಸನ್ನೆ ನೋಡಿ ಬಿಡುತ್ತಿದ್ದರೋ ಎಣಿಸಿ ಬಿಡುತ್ತಿದ್ದರೋ ಎನ್ನುವುದು ಒಬ್ಬ ಸವಾರನಿಂದ ಗೊತ್ತಾಗುವುದಿಲ್ಲ, ಇಪ್ಪತ್ತು ಜನರನ್ನು ನೋಡಿದರೆ ಗೊತ್ತಾಗುತ್ತದೆ.

ಜೊತೆಗೆ ಈ ಕಾಗದಗಳು ಪಾರ್ಕಿನಲ್ಲಿ ಇರಲೇಬೇಕಾದವು, ಹೆಸರು ಹಿಡಿದು ಕೇಳಿ: ಆ ದಿನ ಗೇಟು ತೆರೆಯುವ ಮುಂಚಿನ ತಪಾಸಣಾ ಪಟ್ಟಿ, ಸಿಬ್ಬಂದಿ ಸರದಿ ಪಟ್ಟಿ (ಆ ಹೊತ್ತಿಗೆ ಕೆಳಗೆ ಯಾರಿದ್ದರು ಎಂದು ಇದರಲ್ಲಿ ಬಯಲಾಗುತ್ತದೆ), ಅವರ ತರಬೇತಿ ದಾಖಲೆ, ಅಪಘಾತದ ರಿಜಿಸ್ಟರ್, ತಯಾರಕರ ಕೈಪಿಡಿಯಲ್ಲಿ ಸವಾರರನ್ನು ಬಿಡುವ ಕ್ರಮದ ಪುಟ. ಹೊರದೇಶದ ತಯಾರಕರಾದರೆ ಅದು ಸಾಮಾನ್ಯವಾಗಿ ವಾಟರ್ ಸ್ಲೈಡಿಗೆಂದೇ ಇರುವ ಯುರೋಪಿನ ಇಎನ್ 1069 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್ 2376 ಮಾನದಂಡವನ್ನು ಅನುಸರಿಸಿರುತ್ತದೆ.

ಕಾನೂನು ಕಟ್ಟೆ

ಕೊಡದಿದ್ದರೆ ಆಯೋಗದ ಮುಂದೆ ಅರ್ಜಿ ಹಾಕಿ, ದಾಖಲೆ ಹಾಜರುಪಡಿಸಲು ಆದೇಶಿಸುವ ಅಧಿಕಾರ ಅದಕ್ಕಿದೆ. ಉಳಿಸಿಡಿ ಎಂದು ಇಮೇಲ್ ಹೋಗಿದ್ದೂ "ಅಳಿಸಿಹೋಗಿದೆ" ಎಂದರೆ ಅದು ಅವರಿಗೇ ಮುಳುವು. ನೀವೇ ಮೊಬೈಲಿನಲ್ಲಿ ತೆಗೆದ ವಿಡಿಯೋ ಇದ್ದರೆ ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯನ್ನು ನೆಚ್ಚಬೇಡಿ. ಮೂಲ ಫೈಲು ಆ ಫೋನಿನಲ್ಲೇ ಇರಲಿ, ಎಲೆಕ್ಟ್ರಾನಿಕ್ ದಾಖಲೆಗೆಂದೇ ಇರುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದೊಂದಿಗೆ ಕೊಡಬೇಕು. ಪಾರ್ಕ್ ಕರ್ನಾಟಕದಲ್ಲಿದ್ದರೆ ಪರವಾನಗಿಯ ಪ್ರತಿಯನ್ನು ಸ್ಥಳೀಯ ಸಂಸ್ಥೆಯಿಂದ, ಪೊಲೀಸ್ ಇಲಾಖೆಯಿಂದ ಮಾಹಿತಿ ಹಕ್ಕಿನಲ್ಲಿ ಪಡೆಯಿರಿ. ಸಾರ್ವಜನಿಕ ಮನರಂಜನಾ ಸ್ಥಳಗಳ ನಿಯಂತ್ರಣಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 31ನೇ ಸೆಕ್ಷನ್ ಇದೆ.

ವಿಮೆ ಲೆಕ್ಕ

ವಿಮೆಯ ಮಾತು ಯಾರೂ ಎತ್ತಲಿಲ್ಲ. ಪಾರ್ಕಿಗೆ ಸಾರ್ವಜನಿಕ ಹೊಣೆಗಾರಿಕೆ ವಿಮೆ ಇದೆಯೇ, ಪಾಲಿಸಿ ನಂಬರ್ ಏನು ಎಂದು ಮೊದಲ ಪತ್ರದಲ್ಲೇ ಕೇಳಿ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯಡಿ ಇದು ಕಡ್ಡಾಯ ಎಂದು ಹಲವರು ನಂಬಿದ್ದಾರೆ, ಹಾಗಿಲ್ಲ. ಆ ಕಾಯ್ದೆ ಅಪಾಯಕಾರಿ ರಾಸಾಯನಿಕ ಇತ್ಯಾದಿ ವಸ್ತುಗಳ ಅಪಘಾತಕ್ಕೆ ಸಂಬಂಧಿಸಿದ್ದು. ಪಾರ್ಕಿನ ಸ್ಲೈಡಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ.

ನಿಮ್ಮ ಕಡೆಯ ವಿಮೆ: ಆರೋಗ್ಯ ವಿಮೆ ಕಟ್ಟಿದ ಬಿಲ್ಲನ್ನೇ ಮತ್ತೆ ಪಾರ್ಕಿನಿಂದ ಕೇಳಿದರೆ ತಕರಾರು ಬರುತ್ತದೆ. ವಿಮೆ ಕೊಟ್ಟದ್ದು, ಕಡಿತವಾದದ್ದು, ಕೈಯಿಂದ ಹೋದದ್ದು ಎಂದು ಮೂರು ಕಾಲಂ ಮಾಡಿ. ವೈಯಕ್ತಿಕ ಅಪಘಾತ ಪಾಲಿಸಿ ಇದ್ದರೆ ಅದು ಬೇರೆಯೇ ಹಕ್ಕು, ಅದಕ್ಕೆ ಯಾರ ತಪ್ಪು ಎನ್ನುವುದು ಮುಖ್ಯವಲ್ಲ. ಪ್ರವಾಸ ವಿಮೆಯಲ್ಲಿ "ಸಾಹಸ ಕ್ರೀಡೆ" ಹೊರತು ಎಂದಿದ್ದರೆ ವಾಟರ್ ಸ್ಲೈಡ್ ಅದರೊಳಗೆ ಬರುತ್ತದೆಯೇ ಎಂದು ವ್ಯಾಖ್ಯಾನದ ಪುಟ ಓದಿ.

ಮೊತ್ತದ ಲೆಕ್ಕ: ಮೋಟಾರು ಅಪಘಾತದ ಸೂತ್ರವನ್ನು ಇಲ್ಲಿಯೂ ಆಧಾರವಾಗಿ ಬಳಸಬಹುದು, ಆಯೋಗಕ್ಕೆ ಅದು ಕಟ್ಟುಪಾಡಲ್ಲ. ತಿಂಗಳಿಗೆ 30,000 ಆದಾಯ, ವಯಸ್ಸು 38, ಸುಪ್ರೀಂ ಕೋರ್ಟಿನ ಸರ್ಲಾ ವರ್ಮಾ ತೀರ್ಪಿನ ಕೋಷ್ಟಕದಂತೆ ಗುಣಕ (ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ) 15. ದುಡಿಮೆಯ ಶಕ್ತಿಗೆ ಶೇ 10 ಶಾಶ್ವತ ಕುಂದು ಎಂದಿಟ್ಟುಕೊಳ್ಳಿ. 30,000 × 12 × 15 ಗುಣಿಸಿ ಬಂದದ್ದರ ಶೇ 10 ಅಂದರೆ 5,40,000. ಇದಕ್ಕೆ ಚಿಕಿತ್ಸೆ, ರಜೆಯಲ್ಲಿ ಹೋದ ಸಂಬಳ, ಪ್ಲೇಟು ತೆಗೆಸುವ ಮುಂದಿನ ಆಪರೇಷನ್, ನೋವು ಸಂಕಟ ಸೇರುತ್ತವೆ. ಮನೆ ನೋಡಿಕೊಳ್ಳುವವರಿಗೆ ಸಂಬಳವಿಲ್ಲ ಎಂದು ಸೊನ್ನೆ ಹಾಕುವಂತಿಲ್ಲ, ಮನೆಗೆಲಸಕ್ಕೂ ಆದಾಯ ಕಟ್ಟಿ ಲೆಕ್ಕ ಹಾಕುತ್ತಾರೆ.

ಮೂಳೆ ವಾರ್ಡು

ಆ "ಶೇ 10" ಸುಮ್ಮನೆ ಬರುವುದಲ್ಲ. ಡಾಕ್ಟರು ಕೊಡುವುದು ಕಾಲಿನ ಕುಂದಿನ ಶೇಕಡಾ. ದುಡಿಮೆಯ ಮೇಲಿನ ಪರಿಣಾಮ ಬೇರೆ ಎಂದು ಸುಪ್ರೀಂ ಕೋರ್ಟಿನ 2010ರ ರಾಜ್ ಕುಮಾರ್ ತೀರ್ಪು ಬಿಡಿಸಿ ಹೇಳಿದೆ. ಕಾಲಿನ ಕುಂದು ಶೇ 25 ಇದ್ದರೆ, ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ದುಡಿಮೆಯ ನಷ್ಟ ಕಡಿಮೆ, ದಿನವಿಡೀ ನಿಂತು ಹಿಟ್ಟಿನ ಗಿರಣಿ ನಡೆಸುವವರಿಗೆ ಹೆಚ್ಚು. ಹಾಗಾಗಿ ಪ್ರಮಾಣಪತ್ರದಲ್ಲಿ ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ, ನೆಲದಲ್ಲಿ ಕೂರಲು ಆಗುತ್ತದೆಯೇ, ಮೆಟ್ಟಿಲು ಹತ್ತಬಹುದೇ ಎಂಬುದನ್ನೂ ಬರೆಸಿ.

ನೇರ ಮಾತು

ನನ್ನ ಮಾತು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಹೋಗುವವರ ಕರ್ತವ್ಯ ಇದೆ ಎಂಬುದು ಬದಲಾಗದು. ಆದರೆ ಮುಚ್ಚಿದ ಕೊಳವೆಯಲ್ಲಿ ಹುಡುಗನಿಗೂ ಕೆಳಗೇನಿದೆ ಕಾಣುವುದಿಲ್ಲ, ನಿಂತವರಿಗೂ ಹಿಂದೆ ಯಾರು ಬರುತ್ತಿದ್ದಾರೆ ಗೊತ್ತಾಗುವುದಿಲ್ಲ ಎನ್ನುವುದನ್ನು ಯೋಚಿಸಿರಲಿಲ್ಲ. ಅಪಾಯ ತಿಳಿದೂ ಒಪ್ಪಿಕೊಂಡರು ಅನ್ನುವುದಕ್ಕೆ ಮೊದಲು ಅಪಾಯ ಕಾಣಬೇಕಲ್ಲ.

ಕೊಳವೆ ಕೆಲಸ

ಅದೇ ಸರಿ. ಬೋರ್ಡಿನ ತೂಕದ ಮಿತಿ ಪಾಲಿಸಿದರೂ ಅಪಘಾತವಾಗುವುದುಂಟು, ಅದಕ್ಕೆ ಅಮೆರಿಕದ ಕಾನ್ಸಾಸ್ ಸಿಟಿಯ ಸ್ಲೈಡ್ ನೋಡಿ. 2016ರ ಆಗಸ್ಟ್ 7ರಂದು 10 ವರ್ಷದ ಬಾಲಕ ತೀರಿಕೊಂಡ. ಸುಮಾರು 51 ಮೀಟರ್ ಎತ್ತರ, ಮೂವರು ಕೂರುವ ದೋಣಿ. ಮೂವರ ಒಟ್ಟು ತೂಕ ನಿಗದಿತ ಮಿತಿಯೊಳಗೇ ಇತ್ತು, ಆದರೆ ಹಗುರದ ಹುಡುಗ ಮುಂದೆ, ಭಾರದವರು ಹಿಂದೆ. ಎರಡನೇ ದಿಬ್ಬದಲ್ಲಿ ದೋಣಿ ಗಾಳಿಯಲ್ಲಿ ಮೇಲಕ್ಕೆ ಹಾರಿ, ಮೇಲಿನ ಬಲೆಯನ್ನು ಹಿಡಿದಿದ್ದ ಲೋಹದ ಕಮಾನಿಗೆ ಬಡಿಯಿತು. ಒಟ್ಟು ತೂಕ ಬರೆದ ಬೋರ್ಡಿನಿಂದ ಏನೂ ಉಪಯೋಗವಾಗಲಿಲ್ಲ, ತೂಕ ಹಂಚಿಕೆ ಯಾರೂ ನೋಡಲಿಲ್ಲ. ಅಲ್ಲಿ ಕುಟುಂಬಕ್ಕೆ ಸುಮಾರು 2 ಕೋಟಿ ಡಾಲರ್ ಇತ್ಯರ್ಥದಲ್ಲಿ ಸಿಕ್ಕಿತು. ದೋಣಿ ಸ್ಲೈಡುಗಳಲ್ಲಿ ಸಿಬ್ಬಂದಿ ಯಾರನ್ನು ಎಲ್ಲಿ ಕೂರಿಸುತ್ತಾರೆ ಎನ್ನುವುದನ್ನು ಕಣ್ಣಿಟ್ಟು ನೋಡಿ, ಹಗುರದ ಮಗುವನ್ನು ಮುಂದೆ ಕೂರಿಸಿದರೆ ಇದು ಸರಿಯೇ ಎಂದು ಕೇಳಿ.

ಕಲ್ಪತರು ನಾಡು

ಬಹಳ ಉಪಕಾರವಾಯಿತು. ಕೊನೆಗೊಂದು: ಇದೇ ಪ್ರಸಂಗ ಆಫೀಸಿನ ಔಟಿಂಗಿನಲ್ಲಿ ಆಗಿ, ಟಿಕೆಟ್ ಕಂಪನಿ ಕೊಂಡಿದ್ದರೆ, ಗಾಯಾಳು ಗ್ರಾಹಕರೇ ಅಲ್ಲ ಎನ್ನುತ್ತಾರೆಯೇ?

ಕಾನೂನು ಕಟ್ಟೆ

ಅನ್ನಬಹುದು, ನಿಲ್ಲುವುದಿಲ್ಲ. ದುಡ್ಡು ಕೊಟ್ಟವರ ಒಪ್ಪಿಗೆಯಿಂದ ಸೇವೆಯ ಫಲ ಪಡೆಯುವವರೂ ಗ್ರಾಹಕರು ಎಂದು ಗ್ರಾಹಕ ಸಂರಕ್ಷಣಾ ಕಾಯ್ದೆಯ 2(7)ನೇ ಸೆಕ್ಷನ್ ಹೇಳುತ್ತದೆ. ಕಡಿಮೆ ಎತ್ತರದ ಕಾರಣ ಟಿಕೆಟ್ ಇಲ್ಲದೆ ಒಳಬಿಟ್ಟ ಮಗುವಿಗೂ ಇದೇ ವಾದ. ಕಂಪನಿಯಿಂದ ಬುಕಿಂಗ್ ಇಮೇಲ್, ಆ ದಿನ ಬಂದವರ ಹೆಸರಿನ ಪಟ್ಟಿ ತೆಗೆದುಕೊಳ್ಳಿ. ಗೇಟಿನಲ್ಲಿ ಕೈಗೆ ಕಟ್ಟಿದ ಕಾಗದದ ಪಟ್ಟಿಯನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ಎಸೆಯುತ್ತಾರೆ. ಎಸೆಯಲು ಬಿಡಬೇಡಿ, ಅದರ ನಂಬರ್ ಫೋಟೋ ತೆಗೆದು, ಪಟ್ಟಿಯನ್ನು ಕವರಿನಲ್ಲಿ ಹಾಕಿ ಎಕ್ಸ್‌ರೇ ಜೊತೆ ಇಡಿ.